ವೀಸಾ ಬೇಡದ ಗಡಿಗಳು

ಗುಂಡ್ಲುಪೇಟೆ ದಾಟುತ್ತಲೇ ಹೆದ್ದಾರಿ ಕವಲಾಗುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ. ಓಣಂ ಹತ್ತಿರವಾದರೆ ಇಲ್ಲಿನ ಚೆಂಡುಹೂವಿನ ಹೊಲಗಳಲ್ಲಿ ಮಲಯಾಳಿ ಸಂಸಾರಗಳು ಫೋಟೊ ತೆಗೆಸಿಕೊಳ್ಳುತ್ತಿರುತ್ತವೆ. ತರಕಾರಿ ಲಾರಿಗಳು ಆ ಕಡೆಗೆ. ಶುಂಠಿ ಬೆಳೆಯಲು ಜಮೀನನ್ನು ಗುತ್ತಿಗೆ ಹಿಡಿಯುವ ವಯನಾಡಿನ ರೈತರು ಈ ಕಡೆಗೆ.

ಚಾಮರಾಜನಗರದ ನೆರೆಯ ತಾಳವಾಡಿಯದು ಇನ್ನೂ ಸ್ವಾರಸ್ಯದ ಕಥೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಕನ್ನಡ ಮಾತಾಡುವ ತಾಳವಾಡಿ ಮಾತ್ರ ಅಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಅಲ್ಲೇ, ಅಂದರೆ ತಮಿಳುನಾಡಿನಲ್ಲಿ! ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಹಾಗಾಗಿ ಪೇಟೆಗೆ, ಆಸ್ಪತ್ರೆಗೆ ಚಾಮರಾಜನಗರವೇ ಹತ್ತಿರ. ದೀಪಾವಳಿ ಮುಗಿಯುತ್ತಲೇ ಗುಮಟಾಪುರದ ಗೋರೆಹಬ್ಬದಲ್ಲಿ ಸಗಣಿ ಎರಚಾಡುವವರ ನಡುವೆ ಯಾರು ಯಾವ ರಾಜ್ಯದವರೆಂದು ಗುರುತಿಸುವುದು ಹೇಗೆ?

ಯುರೋಪಿನ ಐದು ದೇಶಗಳು ಇಂಥ ಮುಕ್ತ ಓಡಾಟಕ್ಕಾಗಿ 1985ರಲ್ಲಿ ಷೆಂಗೆನ್ ಎಂಬ ಹಳ್ಳಿಯಲ್ಲಿ ಸಹಿ ಹಾಕಿದವು. ಅದು ಜಾರಿಯಾದದ್ದು 1995ರಲ್ಲಿ. ಭಾರತ, ನೇಪಾಳದ ಪ್ರಜೆಗಳಿಗೂ ಪರಸ್ಪರ ವೀಸಾ ಬೇಕಿಲ್ಲ. ತಾಳವಾಡಿಯವರು ಯಾವ ಸಹಿಯನ್ನೂ ಕಾಯಲಿಲ್ಲ. ಆದರೆ 2020ರಲ್ಲಿ ಕೊರೊನಾ ಬಂದಾಗ ಗಡಿಯಲ್ಲಿ ಪಾಸು ಕೇಳಲಾಯಿತು. ಗೆರೆ ಎಂಬುದೊಂದು ಇದೆಯೆಂದು ಎಷ್ಟೋ ಮಂದಿಗೆ ನೆನಪಾದದ್ದು ಆಗಲೇ.

ಬಂಡೀಪುರದ್ದು ಬೇರೆ ಲೆಕ್ಕ. ವನ್ಯಪ್ರಾಣಿಗಳ ಸಲುವಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿಷೇಧ. ಆಂಬುಲೆನ್ಸ್ ಹಾಗೂ ಕೆಲವೇ ಬಸ್ಸುಗಳಿಗೆ ವಿನಾಯಿತಿ. ಉಳಿದವರು ಬೆಳಗಾಗುವವರೆಗೆ ಗೇಟಿನಲ್ಲಿ ಕಾಯಬೇಕು. ಅಷ್ಟು ಹೊತ್ತೂ ರಸ್ತೆ ಆನೆಗಳದು.