ಮೂಗಿನ ಗೆರೆ

ತೈಲವರ್ಣದಲ್ಲಿ ಮುಖ ಬರೆಯಲು ಕಲಿಯಬೇಕೆಂದು ಹೊರಟ ನಾನು ಮೊದಲು ಆರಿಸಿಕೊಂಡದ್ದೇ ಡಚ್ ಚಿತ್ರಕಾರ ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’ಯನ್ನು. ಸುಮಾರು 1665ರ ಚಿತ್ರ, ಈಗ ಹೇಗ್ ನಗರದ ಕಲಾ ಸಂಗ್ರಹಾಲಯವಾದ ಮೌರಿಟ್ಸ್‌ಹೌಸ್‌ನಲ್ಲಿದೆ. ಅಳತೆ 44.5 x 39 ಸೆಂ.ಮೀ. ಇಷ್ಟು ಚಿಕ್ಕದು, ಒಂದೇ ಮುಖ, ಹಿಂದೆ ಬರೀ ಕಪ್ಪು. ಎರಡು ವಾರದ ಕೆಲಸ ಅಂದುಕೊಂಡೆ.

ಅಚ್ಚಾದ ಪ್ರತಿಯ ಮೇಲೆ ಚೌಕ ಎಳೆದು ಕ್ಯಾನ್ವಾಸಿಗೆ ಇಳಿಸಿದೆ. ಮಳೆಗಾಲ. ಎಣ್ಣೆಬಣ್ಣ ನೀರಿನ ಬಣ್ಣದಂತೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಓದಿದ್ದೆ, ಕಾಯಲಿಲ್ಲ. ಎರಡನೇ ಪದರ ಹಚ್ಚುವಾಗ ಕೆಳಗಿನ ಕಂದು ಮೇಲೆದ್ದು ಹುಡುಗಿಯ ಕೆನ್ನೆ ಕೆಸರಾಯಿತು. ಅದನ್ನು ಮುಚ್ಚಲು ಬಿಳಿ, ಬಿಳಿ ಮುಚ್ಚಲು ಗುಲಾಬಿ. ಹೀಗೆ ಎರಡು ತಿಂಗಳು.

ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ನೆಂಟರ ಮುಂದೆ ಚಿತ್ರ ತಂದಿಟ್ಟೆ. ಮುತ್ತಿನ ಬಗ್ಗೆ ಭಾಷಣವನ್ನೇ ಮಾಡಿದೆ: ಅದಕ್ಕೆ ಕೊಕ್ಕೆಯೂ ಇಲ್ಲ, ಮೇಲೊಂದು ಬಿಳಿ ಚುಕ್ಕೆ, ಕೆಳಗೆ ಕಾಲರಿನ ಮಸುಕು ಪ್ರತಿಫಲನ, ಅಷ್ಟೇ. ಎಲ್ಲರೂ ಚೆನ್ನಾಗಿದೆ ಅಂದರು. ಅಮ್ಮ ಕನ್ನಡಕ ಸರಿಮಾಡಿಕೊಂಡು, “ಮೂಗು ಬೇರೆ ಮಾಡಿ ಅಂಟಿಸಿದ ಹಾಗಿದೆಯಲ್ಲೋ” ಅಂದಳು.

“ನಿನಗೇನು ಗೊತ್ತಮ್ಮ ಇದೆಲ್ಲ!” ಎಲ್ಲರೆದುರೇ ಅಂದುಬಿಟ್ಟೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಹಾಲ್‌ನಲ್ಲಿ ಕವಿದ ಮೌನ ಈಗಲೂ ನೆನಪಿದೆ. ಅಮ್ಮ ಒಳಗೆ ಹೋಗಿ ಕೋಸಂಬರಿ ಕಲಸತೊಡಗಿದಳು.

ರಾತ್ರಿ ನನ್ನ ಚಿತ್ರವನ್ನೂ ಅಚ್ಚಿನ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೂಗಿಗೂ ಅದರಾಚೆಯ ಕೆನ್ನೆಗೂ ನಡುವೆ ವರ್ಮೀರ್ ಗೆರೆಯನ್ನೇ ಎಳೆದಿಲ್ಲ. ಎರಡೂ ಒಂದೇ ಬೆಳಕಿನಲ್ಲಿ ಕರಗಿವೆ. ನಾನು ಮಾತ್ರ ಅಲ್ಲೊಂದು ಕಂದು ಗೆರೆ ಎಳೆದಿದ್ದೆ, ಬಲು ಅಚ್ಚುಕಟ್ಟಾಗಿ. ಹಿಂದಿನ ಕಪ್ಪೂ ಮೊದಲು ಬರೀ ಕಪ್ಪಾಗಿರಲಿಲ್ಲ. ಅದರ ಮೇಲಿದ್ದ ತೆಳು ಹಸಿರು ಕಾಲಕ್ರಮೇಣ ಕೆಟ್ಟಿದೆ ಎಂದು ಆಮೇಲೆ ಓದಿದೆ.

ನಕಲು ಮಾಡುವುದು ಕೈಗೆ ಅಭ್ಯಾಸ ಅಂದುಕೊಂಡಿದ್ದೆ. ನನ್ನ ಕೈ ತಪ್ಪಿರಲಿಲ್ಲ. ಮೂಗು ಅಂದರೆ ಅಂಚು ಇರಲೇಬೇಕು ಎಂದು ಮೊದಲೇ ತೀರ್ಮಾನಿಸಿದ್ದರಿಂದ ಎದುರಿಗಿದ್ದದ್ದು ಕಾಣಲಿಲ್ಲ. ಅಮ್ಮನ ವಿಷಯದಲ್ಲೂ ಹಾಗೇ ಆಗಿತ್ತು. ಅವತ್ತು ಬೆಳಿಗ್ಗೆ ಕಲಶದ ತೆಂಗಿನಕಾಯಿಗೆ ಅರಿಸಿನ ಮೆತ್ತಿ, ಲಕ್ಷ್ಮಿಯ ಮೂಗನ್ನು ಬೆರಳಿನಿಂದ ನೀವಿ ನೀವಿ ಕೂರಿಸಿದ್ದು ಅವಳೇ. ಪ್ರತಿ ವರ್ಷ ಪಕ್ಕದಲ್ಲೇ ನಿಂತಿರುತ್ತಿದ್ದೆ.

ಮರುದಿನ ಕ್ಷಮೆ ಕೇಳಲು ನಾಲಗೆ ಏಳಲಿಲ್ಲ. ಚಿತ್ರ, ಪ್ರತಿ ಎರಡನ್ನೂ ಅಡುಗೆಮನೆಗೆ ಒಯ್ದು, “ಇನ್ನೂ ಎಲ್ಲೆಲ್ಲಿ ತಪ್ಪಿದೆ, ತೋರಿಸಮ್ಮ” ಅಂದೆ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ, ತುಂಬ ಹೊತ್ತು ನೋಡಿದಳು.

“ಅವನ ಹುಡುಗಿ ತುಟಿ ಒದ್ದೆಯಾಗಿದೆ ಕಣೋ. ನಿನ್ನದು ಒಣಗಿದೆ.”