ಅರ್ಧ ಬೆಲೆಯ ಪ್ಲೇಯರ್

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 3,200 ರೂಪಾಯಿಯ ಡಿವಿಡಿ ಪ್ಲೇಯರ್ 1,600ಕ್ಕೆ ಇಳಿದಿತ್ತು. ‘ಎರಡೇ ಪೀಸ್ ಉಳಿದಿರೋದು, ಇನ್ನು ಮಾಲು ಬರಲ್ಲ’ ಎಂದ ಅಂಗಡಿಯವನ ಮಾತನ್ನು ಬರೀ ವ್ಯಾಪಾರದ ಮಾತೆಂದು ತಳ್ಳಿಹಾಕುವಂತಿರಲಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಆ ಕೆಲಸ ನಿಲ್ಲಿಸಿತು. ಕ್ಯಾಸೆಟ್ ಇದ್ದೂ ನೋಡಲು ಯಂತ್ರವಿಲ್ಲದ ಮನೆಗಳು ಎಷ್ಟೋ. 1996ರಲ್ಲಿ ಹುಟ್ಟಿದ ಡಿವಿಡಿಗೂ ಈಗ ಮುಪ್ಪು.

ಆದರೂ ಅರ್ಧ ಬೆಲೆ ಎನ್ನುವುದು ಅಂಗಡಿಯ ಲೆಕ್ಕ. ನನ್ನ ಲೆಕ್ಕ ಮನೆಯ ಬೀರುವಿನಲ್ಲಿತ್ತು. ಅಂದು ರಾತ್ರಿ ಡಬ್ಬ ಇಳಿಸಿ ಎಣಿಸಿದೆ: 41 ಡಿಸ್ಕ್. ಹೆಚ್ಚಿನವು ಸಿನಿಮಾ, ಅವುಗಳಲ್ಲಿ ಬಹುಪಾಲು ಫೋನಿನಲ್ಲೇ ಸಿಗುತ್ತವೆ. ಅಮೆರಿಕದಿಂದ ಬಂದ ಮೂರು ಇಲ್ಲಿನ ಪ್ಲೇಯರಿನಲ್ಲಿ ಓಡುವ ಖಾತ್ರಿಯಿಲ್ಲ. ಅವುಗಳ ವಲಯ ಸಂಖ್ಯೆ 1, ಭಾರತದ್ದು 5. ಇನ್ನು ಚಿತ್ರದ ವಿಷಯ. ನಮ್ಮ ಡಿವಿಡಿಯಲ್ಲಿರುವುದು 576 ಗೆರೆ, ಫುಲ್ ಎಚ್‌ಡಿ ಟೀವಿಯಲ್ಲಿ 1080. ಇಲ್ಲದ ವಿವರವನ್ನು ಯಾವ ಪ್ಲೇಯರೂ ತಂದುಕೊಡಲಾರದು.

ಹೀಗೆ ಕಳೆಯುತ್ತ ಹೋದರೆ ಉಳಿದದ್ದು ಒಂದೇ, 2005ರ ಅಕ್ಕನ ಮದುವೆಯ ಡಿಸ್ಕ್. ವಿಡಿಯೋದವನು ಧಾರೆಯಿಂದ ಊಟದವರೆಗೆ ಎಲ್ಲದರ ಮೇಲೂ ಸಿನಿಮಾ ಹಾಡು ಸುರಿದಿದ್ದ. ಆರತಿಯ ನಾಲ್ಕು ನಿಮಿಷ ಮಾತ್ರ ಹೇಗೋ ತಪ್ಪಿಸಿಕೊಂಡಿದೆ. ಅಲ್ಲಿ ಅಜ್ಜಿ ಹಾಡುತ್ತಾಳೆ. ಅವಳ ದನಿ ಬೇರೆಲ್ಲೂ ದಾಖಲಾಗಿಲ್ಲ.

ಇದಕ್ಕಾಗಿಯೇ ಪ್ಲೇಯರ್ ತಂದುಬಿಡೋಣ ಅನ್ನಿಸಿತ್ತು. ಆದರೆ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ಡಿಸ್ಕೇ ಬೇರೆ, ಸ್ಟುಡಿಯೋದಲ್ಲಿ ಬರೆದುಕೊಟ್ಟ ಡಿಸ್ಕೇ ಬೇರೆ. ಎರಡನೆಯದರಲ್ಲಿ ಲೇಸರ್ ಬರೆಯುವುದು ಬಣ್ಣದ ಪದರವೊಂದರ ಮೇಲೆ. ಬಿಸಿಲು, ಸೆಕೆಗಳಿಗೆ ಆ ಬಣ್ಣ ಕೆಡುತ್ತದೆ. ಪ್ಲೇಯರ್ ಹಾಡನ್ನು ಕೇಳಿಸೀತು, ಉಳಿಸಲಾರದು. ಉಳಿಸಬೇಕಾದರೆ ನಕಲು ತೆಗೆಯಬೇಕು. ಅದಕ್ಕೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಯುಎಸ್‌ಬಿ ಡಿವಿಡಿ ಡ್ರೈವ್ ಸಾಕು.

ನನ್ನ ಗೆಳೆಯನ ಲೆಕ್ಕ ಬೇರೆ. ಅವನ ಬಳಿ ಇನ್ನೂರಕ್ಕೂ ಹೆಚ್ಚು ಹಳೆಯ ಕನ್ನಡ ಚಿತ್ರಗಳಿವೆ, ಹಲವು ಎಲ್ಲೂ ಸಿಗದಂಥವು. ಆನ್‌ಲೈನಿನಲ್ಲಿ ಇವತ್ತು ಇರುವ ಚಿತ್ರ ಹಕ್ಕಿನ ಅವಧಿ ಮುಗಿದರೆ ನಾಳೆ ಇರುವುದಿಲ್ಲ, ಕಪಾಟಿನಲ್ಲಿರುವುದು ಎಲ್ಲಿಗೂ ಹೋಗುವುದಿಲ್ಲ. ಅವನಿಗೆ ಪೂರ್ತಿ ಬೆಲೆ ಕೊಟ್ಟರೂ ನಷ್ಟವಿಲ್ಲ. ಎಚ್‌ಡಿಎಂಐ ಕಿಂಡಿ ಇರುವುದನ್ನೇ ನೋಡಿ ತಗೋ ಎಂದಷ್ಟೇ ಹೇಳಿದೆ. ಕೆಂಪು, ಬಿಳಿ, ಹಳದಿ ತಂತಿ ಚುಚ್ಚುವ ಜಾಗವೇ ಈಗಿನ ಅನೇಕ ಟೀವಿಗಳಲ್ಲಿಲ್ಲ.

ನಾನು ಡ್ರೈವ್ ತಂದೆ. ಡಿಸ್ಕ್ ಎರಡು ಕಡೆ ತಡವರಿಸಿತು. ಧಾರೆಯ ಹೊತ್ತಿನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯಿತು. ಆರತಿ ಮಾತ್ರ ಪೂರ್ತಿ ಬಂತು. ಮೂರು ಕಡೆ ನಕಲಿಟ್ಟು, ಆ ನಾಲ್ಕು ನಿಮಿಷವನ್ನು ಧಾರವಾಡದಲ್ಲಿರುವ ಅಕ್ಕನಿಗೆ ಕಳಿಸಿದೆ. ಹಾಡಿನ ಮೂರನೆಯ ನುಡಿ ಅವಳಿಗೆ ಮರೆತೇಹೋಗಿತ್ತಂತೆ. ಈಗ ಬರೆದಿಟ್ಟುಕೊಂಡಿದ್ದಾಳೆ.