ಕುದುರೆ ಖುರದ ಧೂಳು, ಕ್ಯಾಮೆರಾದ ಕಣ್ಣು

ರಾಯಚೂರು ಎಂದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ ತಾಪಮಾನ ೪೦ ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಕಪ್ಪು ಎರೆಮಣ್ಣಿನ ಹೊಲಗಳು, ಅಲ್ಲಲ್ಲಿ ಯಾರೋ ಬಂಡೆಗಳನ್ನು ಪೇರಿಸಿಟ್ಟಂಥ ಗುಡ್ಡಗಳು. ಇತಿಹಾಸದ ಪರೀಕ್ಷೆಯಲ್ಲಿ ‘ರಾಯಚೂರು ದೋಆಬ್’ ಎಂದು ಕಿರು ಟಿಪ್ಪಣಿಯ ಪ್ರಶ್ನೆಯಾಗಿ ಬರುವ ನೆಲ ಇದೇ. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ವಿಜಾಪುರದ ಆದಿಲ್ ಶಾಹಿಗಳು ಈ ನೆಲಕ್ಕಾಗಿ ತಲೆಮಾರುಗಳ ಕಾಲ ಕಾದಾಡಿದರು. ಆ ಕಾದಾಟದಲ್ಲಿ ಸೈನಿಕನಷ್ಟೇ ಮುಖ್ಯ ಪಾತ್ರ ಕುದುರೆಯದು.

ಕುದುರೆಯ ಬೆನ್ನೇರಿ ಆಡುವ ಆಟಗಳಲ್ಲಿ ಅತ್ಯಂತ ಒರಟಾದುದು ಮಧ್ಯ ಏಷ್ಯಾದ ‘ಬುಜ್‌ಕಶಿ’. ಅದರ ಛಾಯಾಚಿತ್ರ ತೆಗೆಯಲು ಜಗತ್ತಿನ ಮೂಲೆ ಮೂಲೆಗಳಿಂದ ಛಾಯಾಗ್ರಾಹಕರು ಅಫ್ಘಾನಿಸ್ತಾನ, ಕಿರ್ಗಿಸ್ತಾನಗಳಿಗೆ ಹೋಗುತ್ತಾರೆ. ಆ ವಿದ್ಯೆಗೂ ರಾಯಚೂರು, ದೇವದುರ್ಗ, ಮಾನ್ವಿಗಳಿಗೂ ಏನು ಸಂಬಂಧ? ಮೊದಲ ನೋಟಕ್ಕೆ ಏನೂ ಇಲ್ಲ. ಕೋಟೆಯ ಸುತ್ತ ಒಂದು ಸುತ್ತು ಹಾಕಿ ಬಂದರೆ ಸಂಬಂಧ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಕುದುರೆಗಾಗಿ ನಡೆದ ಯುದ್ಧ

ನೌರಂಗಿ ದರ್ವಾಜ, ಕಾಟಿ ದರ್ವಾಜ, ಮೆಕ್ಕಾ ದರ್ವಾಜ, ಖಂದಕ್ ದರ್ವಾಜ – ಕೋಟೆಯ ಬಾಗಿಲುಗಳ ಹೆಸರೇ ಹಳೆಯ ಕಥೆ ಹೇಳುತ್ತವೆ. ೧೫೨೦ರ ಮೇ ತಿಂಗಳಲ್ಲಿ ಕೃಷ್ಣದೇವರಾಯನ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿತ್ತು. ನೆರವಿಗೆ ಬಂದ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯ ಸೋತು, ಕೃಷ್ಣೆಯನ್ನು ದಾಟಿ ಹಿಂದೆ ಸರಿಯಬೇಕಾಯಿತು.

ಈ ಯುದ್ಧಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಜ್ ದಾಖಲಿಸಿದ್ದಾನೆ. ಗೋವೆಯಿಂದ ಕುದುರೆ ಕೊಂಡು ತರಲೆಂದು ರಾಯನು ಒಬ್ಬ ವರ್ತಕನ ಕೈಗೆ ೪೦ ಸಾವಿರ ಪರ್ದಾವ್ ನಾಣ್ಯಗಳನ್ನು ಕೊಟ್ಟು ಕಳಿಸಿದ. ಆತ ಹಣದೊಡನೆ ಆದಿಲ್ ಶಾಹನ ಆಶ್ರಯಕ್ಕೆ ಓಡಿಹೋದ. ಹಣವನ್ನೂ ಆತನನ್ನೂ ಒಪ್ಪಿಸಲು ರಾಯ ಕೇಳಿದ, ಉತ್ತರ ಸರಿಯಾಗಿ ಬರಲಿಲ್ಲ. ಮುತ್ತಿಗೆಯಲ್ಲಿ ಕೋವಿ ಹಿಡಿದು ರಾಯನಿಗೆ ನೆರವಾದ ಕ್ರಿಸ್ಟೊವಾವೊ ದ ಫಿಗೆರೆದೊ ಕೂಡ ವಿಜಯನಗರಕ್ಕೆ ಬಂದದ್ದು ಕುದುರೆ ಮಾರಲೆಂದೇ!

ದಕ್ಷಿಣದ ಹವೆ, ಮೇವು ಎರಡೂ ಯುದ್ಧದ ಕುದುರೆಗಳ ಸಾಕಣೆಗೆ ಹೊಂದಿಬರಲಿಲ್ಲ. ಹಾಗಾಗಿ ಅವನ್ನು ವರ್ಷ ವರ್ಷವೂ ಹೊರಗಿನಿಂದಲೇ ತರಿಸಬೇಕಿತ್ತು. ಮಧ್ಯ ಏಷ್ಯಾದ ಕುದುರೆಗಳು ಪರ್ವತದ ಕಣಿವೆಗಳನ್ನು ದಾಟಿ ದೆಹಲಿಯ ಕಡೆಗೆ ಬಂದರೆ, ದಖ್ಖನಿಗೆ ಹೆಚ್ಚಾಗಿ ಬಂದದ್ದು ಹೊರ್ಮುಜ್ ಬಂದರಿನಿಂದ ಹಡಗೇರಿದ ಅರಬ್ಬೀ, ಪಾರಸೀ ತಳಿಗಳು. ಅವುಗಳ ಜೊತೆ ಸವಾರಿಯ ಮಾತುಗಳೂ ಬಂದವು. ಕನ್ನಡಿಗರು ದಿನನಿತ್ಯ ಬಳಸುವ ಸವಾರ, ಲಗಾಮು, ಜೀನು, ಮೈದಾನ – ಇವೆಲ್ಲ ಪಾರಸೀ ಮೂಲದವು. ಇಂದಿಗೂ ಉತ್ತರ ಅಫ್ಘಾನಿಸ್ತಾನದ ಬುಜ್‌ಕಶಿ ಮೈದಾನದಲ್ಲಿ ಈ ಪದಗಳನ್ನೇ ಕೇಳಬಹುದು. ದೇವದುರ್ಗದ ಅಜ್ಜ ಹಟಮಾರಿ ಮೊಮ್ಮಗನಿಗೆ ‘ಲಗಾಮು ಹಾಕಬೇಕು’ ಎಂದಾಗ, ಆ ಮಾತು ಸಾವಿರಾರು ಮೈಲಿ ಪ್ರಯಾಣ ಮಾಡಿ ಬಂದದ್ದೆಂದು ಯಾರಿಗೂ ಹೊಳೆಯುವುದಿಲ್ಲ.

ಆಟ ಎಂಥದ್ದು?

‘ಬುಜ್’ ಎಂದರೆ ಮೇಕೆ, ‘ಕಶಿ’ ಎಂದರೆ ಎಳೆಯುವುದು. ತಲೆ ತೆಗೆದ ಮೇಕೆಯ ಅಥವಾ ಕರುವಿನ ಕಳೇಬರವನ್ನು ಮೈದಾನದಲ್ಲಿ ಇಡುತ್ತಾರೆ. ಸವಾರರು ಓಡುವ ಕುದುರೆಯಿಂದ ಬಗ್ಗಿ ಅದನ್ನು ಮೇಲೆತ್ತಬೇಕು, ಉಳಿದವರ ಎಳೆದಾಟದಿಂದ ತಪ್ಪಿಸಿಕೊಂಡು ಹೊತ್ತೊಯ್ಯಬೇಕು. ಒಂದು ಪದ್ಧತಿಯಲ್ಲಿ ಗುಂಪಿನಿಂದ ಬಿಡಿಸಿಕೊಂಡು ಹೊರಬಂದರೆ ಗೆಲುವು. ಇನ್ನೊಂದರಲ್ಲಿ ನೆಟ್ಟ ಬಾವುಟವನ್ನು ಸುತ್ತಿ ಬಂದು ಸುಣ್ಣದಲ್ಲಿ ಬರೆದ ವೃತ್ತದೊಳಗೆ ಎಸೆಯಬೇಕು. ನುರಿತ ಸವಾರನಿಗೆ ‘ಚಪಂದಾಜ್’ ಎಂಬ ಗೌರವದ ಹೆಸರುಂಟು. ಎರಡೂ ಕೈಗಳಿಗೆ ಕೆಲಸವಿರುವಾಗ ಆತ ಚಾವಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಾನೆ. ಈ ಆಟದ ಕುದುರೆಯನ್ನು ತಯಾರು ಮಾಡಲು ಹಲವು ವರ್ಷ ಹಿಡಿಯುತ್ತದೆ.

ಕನ್ನಡ ನಾಡಿನ ಅನೇಕರು ಈ ಆಟವನ್ನು ಮೊದಲು ಕಂಡದ್ದು ೧೯೯೨ರ ‘ಖುದಾ ಗವಾ’ ಹಿಂದಿ ಚಿತ್ರದಲ್ಲಿ. ಮುಕುಲ್ ಆನಂದ್ ನಿರ್ದೇಶನದ, ಅಮಿತಾಭ್ ಬಚ್ಚನ್ ಮತ್ತು ಶ್ರೀದೇವಿ ನಟಿಸಿದ ಆ ಚಿತ್ರ ಆರಂಭವಾಗುವುದೇ ಬುಜ್‌ಕಶಿಯಿಂದ. ಅದರ ಕೆಲವು ಭಾಗಗಳು ಅಫ್ಘಾನಿಸ್ತಾನದಲ್ಲೇ ಚಿತ್ರೀಕರಣಗೊಂಡಿದ್ದವು.

ಕಿರ್ಗಿಸ್ತಾನದಲ್ಲಿ ಇದಕ್ಕೆ ‘ಕೋಕ್ ಬೋರು’ ಎಂದು ಹೆಸರು. ಅರ್ಥ, ಬೂದು ತೋಳ. ಕುರಿ ಹಿಂಡಿನ ಮೇಲೆ ಬಿದ್ದ ತೋಳವನ್ನು ಕುದುರೆಯ ಮೇಲೆ ಬೆನ್ನಟ್ಟುತ್ತಿದ್ದ ದನಗಾಹಿಗಳ ಸಾಹಸದಿಂದ ಆಟ ಹುಟ್ಟಿತೆಂದು ಅಲ್ಲಿನವರು ಹೇಳುತ್ತಾರೆ. ೨೦೧೭ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದಿನ ಪಂದ್ಯಗಳಲ್ಲಿ ನಿಜವಾದ ಕಳೇಬರದ ಬದಲು ಅದೇ ಆಕಾರದ ಕೃತಕ ಬೊಂಬೆಯನ್ನು ಬಳಸುವುದುಂಟು. ಆಟವನ್ನು ಬಿಡದೆ ಅದರ ಕ್ರೌರ್ಯವನ್ನು ಕಡಿಮೆ ಮಾಡಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಓಟವನ್ನು ಹಿಡಿಯುವ ಬಗೆ

ಹತ್ತಾರು ಕುದುರೆಗಳು ಒಂದರ ಮೇಲೊಂದು ನುಗ್ಗುವ ಆಟದಲ್ಲಿ ಎಲ್ಲವೂ ಧೂಳು. ಚಿತ್ರ ತೆಗೆಯುವವನಿಗೆ ಧೂಳೇ ಶತ್ರು, ಧೂಳೇ ಮಿತ್ರ. ಅದು ಮಸೂರದ ಮೇಲೆ ಕೂತರೆ ಚಿತ್ರ ಕೆಡುತ್ತದೆ. ಇಳಿ ಬಿಸಿಲಿನಲ್ಲಿ ಸೂರ್ಯನಿಗೆ ಎದುರಾಗಿ ನಿಂತರೆ ಅದೇ ಧೂಳು ಬಂಗಾರದ ಪರದೆಯಾಗಿ, ಸವಾರರು ಕಪ್ಪು ನೆರಳುಗಳಾಗಿ ಎದ್ದು ಕಾಣುತ್ತಾರೆ. ಕುದುರೆಯ ಕಾಲು ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಮಾತ್ರ ಬೆಳಕನ್ನು ಒಳಗೆ ಬಿಡಬೇಕು. ವೇಗ ಕಾಣಬೇಕಾದರೆ ಸೆಕೆಂಡಿನ ಮೂವತ್ತನೇ ಭಾಗದಷ್ಟು ಬಿಟ್ಟು, ಓಡುವ ಕುದುರೆಯ ಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತ ಹೋಗಬೇಕು. ಆಗ ಸವಾರ ಸ್ಪಷ್ಟವಾಗಿ, ಹಿನ್ನೆಲೆ ಗೆರೆಗೆರೆಯಾಗಿ ಮೂಡುತ್ತದೆ.

ಓಡುವ ಕುದುರೆಯ ಚಿತ್ರಕ್ಕೂ ವಿಜ್ಞಾನಕ್ಕೂ ಹಳೆಯ ನಂಟು. ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ? ಬರಿಗಣ್ಣಿಗೆ ಇದು ತಿಳಿಯುತ್ತಿರಲಿಲ್ಲ. ೧೮೭೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯುದ್ದಕ್ಕೂ ೧೨ ಕ್ಯಾಮೆರಾಗಳನ್ನು ಸಾಲಾಗಿಟ್ಟು ಚಿತ್ರ ತೆಗೆದ. ನಾಲ್ಕೂ ಕಾಲು ನೆಲ ಬಿಡುವುದು ನಿಜವೆಂದು ತಿಳಿಯಿತು. ಆದರೆ ಅದು ಕಲಾವಿದರು ಬರೆಯುತ್ತಿದ್ದಂತೆ ಕಾಲುಗಳು ಮುಂದಕ್ಕೂ ಹಿಂದಕ್ಕೂ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ! ಶತಮಾನಗಳಿಂದ ಕುದುರೆಯನ್ನು ನೋಡುತ್ತಲೇ ಬಂದ ಮನುಷ್ಯ ಅದನ್ನು ಸರಿಯಾಗಿ ಕಂಡಿರಲಿಲ್ಲ ಎಂಬುದನ್ನು ಕ್ಯಾಮೆರಾ ತೋರಿಸಿಕೊಟ್ಟಿತು.

ಕಾರ ಹುಣ್ಣಿಮೆಯ ಪಾಠಶಾಲೆ

ಈ ವಿದ್ಯೆ ಕಲಿಯಲು ರಾಯಚೂರಿನ ವಿದ್ಯಾರ್ಥಿ ಕಾಬೂಲಿಗೆ ಹೋಗಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ಕಾರ ಹುಣ್ಣಿಮೆ ಬಂದರೆ ಪಾಠಶಾಲೆ ಮನೆ ಬಾಗಿಲಿಗೇ ಬರುತ್ತದೆ. ನಗರದಲ್ಲಿ ಮುನ್ನೂರು ಕಾಪು ಸಮಾಜ ನಡೆಸಿಕೊಂಡು ಬಂದಿರುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಜೋಡೆತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲನ್ನು ಎಳೆಯುವ ಸ್ಪರ್ಧೆ ಪ್ರಸಿದ್ಧವಾದುದು. ಮಣ್ಣಿಗೆ ಕಚ್ಚಿದ ಗೊರಸು, ಬಿಗಿದ ಹೆಗಲು, ಪಕ್ಕದಲ್ಲಿ ಓಡುತ್ತ ಕೂಗುವ ರೈತ – ಬುಜ್‌ಕಶಿಯ ಉಸಿರುಗಟ್ಟಿಸುವ ಕ್ಷಣಗಳೆಲ್ಲ ಇಲ್ಲಿಯೂ ಉಂಟು.

ಹಳ್ಳಿಗಳ ಕಡೆ ಹೊರಟರೆ ಚಿತ್ರ ಬೇರೆ. ದೇವದುರ್ಗ ಒಂದು ಕಾಲಕ್ಕೆ ಬೇಡ ನಾಯಕರ ಬಲವಾದ ನೆಲೆ. ಗುಡ್ಡಗಳ ನಡುವಿನ ಆ ತಾಲ್ಲೂಕಿನ ಹೊಲಗಳಿಗೆ ಈಗ ನಾರಾಯಣಪುರ ಕಾಲುವೆಯ ನೀರು ಹರಿದಿದೆ. ಮಾನ್ವಿ ದಾಸ ಸಾಹಿತ್ಯ ಓದಿದವರಿಗೆ ಜಗನ್ನಾಥದಾಸರ ಊರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಅದು ಭತ್ತದ ಸೀಮೆ. ನೀರು ಬಂದಲ್ಲಿ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರ್ ಬಂದ ಮನೆಗಳಲ್ಲಿ ಎತ್ತಿನ ಕೊಟ್ಟಿಗೆ ಬರಿದಾಯಿತು. ಎತ್ತು ಉಳಿದ ಮನೆಗಳಲ್ಲಿ ಮಾತ್ರ ಕಾರ ಹುಣ್ಣಿಮೆಯಂದು ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಸಂಜೆ ಅಗಸಿಯಲ್ಲಿ ಕರಿ ಹರಿಯುವ ಓಟ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಬೆಳೆ, ಕೆಂದ ಎತ್ತು ಮುಂದಾದರೆ ಮುಂಗಾರಿ ಬೆಳೆ ಚೆನ್ನಾಗಿ ಬರುವುದೆಂದು ಹಲವೆಡೆ ನಂಬುತ್ತಾರೆ.

ತಂದೆ ತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಈಗ ಪ್ರತಿ ಹುಡುಗನ ಕಿಸೆಯಲ್ಲೂ ಮೊಬೈಲ್ ಕ್ಯಾಮೆರಾ ಇದೆ. ಒಂದು ಚಿತ್ರದ ಆಸೆಗೆ ಓಡುವ ಎತ್ತಿನ ದಾರಿಯಲ್ಲೇ ನಿಲ್ಲುವ ಹುಚ್ಚು ಹೊಸದೇನಲ್ಲ. ಬುಜ್‌ಕಶಿಯಲ್ಲೂ ಕುದುರೆಗಳು ಮೈದಾನದ ಗಡಿ ದಾಟಿ ಜನರ ಮೇಲೆ ನುಗ್ಗುತ್ತವೆ. ಅನುಭವಿ ಛಾಯಾಗ್ರಾಹಕರು ಅದಕ್ಕಾಗಿಯೇ ದೂರದರ್ಶಕ ಮಸೂರ ಹಿಡಿದು, ಬೆನ್ನ ಹಿಂದೆ ಓಡಲು ದಾರಿ ಇಟ್ಟುಕೊಂಡು, ಗೋಡೆಯ ಅಥವಾ ಗಾಡಿಯ ಮರೆಯಲ್ಲಿ ನಿಲ್ಲುತ್ತಾರೆ. ಸದಾ ಕ್ಯಾಮೆರಾದ ಕಿಂಡಿಗೇ ಕಣ್ಣಿಟ್ಟು ಕೂರದೆ ಆಗಾಗ ತಲೆಯೆತ್ತಿ ಸುತ್ತ ನೋಡುತ್ತಾರೆ. ಮೊಬೈಲಿನ ಪರದೆಯಲ್ಲಿ ಹೋರಿ ಇರುವುದಕ್ಕಿಂತ ದೂರದಲ್ಲಿದ್ದಂತೆ ಕಾಣುತ್ತದೆ. ಅಪಾಯ ಇರುವುದು ಆ ಭ್ರಮೆಯಲ್ಲೇ. ಮಹಡಿಯ ಮೇಲಿನಿಂದ ತೆಗೆದ ಚಿತ್ರದಲ್ಲಿ ಇಡೀ ಬೀದಿ, ಇಡೀ ಊರು ಕಾಣುತ್ತದೆ. ಅದೇ ಉತ್ತಮ ಚಿತ್ರ, ಅದೇ ಕ್ಷೇಮ.

ಪ್ರಾಣಿಯ ಕಡೆಯಿಂದಲೂ ಯೋಚಿಸಬೇಕು. ೨೦೧೪ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಬಂಡಿ ಓಟಗಳಿಗೆ ತಡೆ ಒಡ್ಡಿತು. ಕರ್ನಾಟಕ ೨೦೧೭ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ನಿಯಮಬದ್ಧ ಅವಕಾಶ ಕಲ್ಪಿಸಿತು. ೨೦೨೩ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಯಮ ಪಾಲನೆಯಾಗುತ್ತಿದೆಯೇ ಎಂಬುದಕ್ಕೆ ಛಾಯಾಚಿತ್ರವೇ ಸಾಕ್ಷಿ. ಎತ್ತಿನ ಕೊಂಬಿನ ಬಣ್ಣದ ಜೊತೆ ಅದರ ಬೆನ್ನ ಮೇಲಿನ ಬಾರುಕೋಲಿನ ಬಾಸುಂಡೆಯೂ ಕಂಡರೆ, ಎರಡನ್ನೂ ತೆಗೆಯುವವನೇ ಪ್ರಾಮಾಣಿಕ ಛಾಯಾಗ್ರಾಹಕ.

ಕಲ್ಲಿನಲ್ಲಿ ಉಳಿದ ಕ್ಷಣ

ಕ್ಯಾಮೆರಾ ಇಲ್ಲದ ಕಾಲದಲ್ಲಿ ಈ ನೆಲದವರು ತಮ್ಮ ಕಣ್ಣೆದುರಿನ ಘಟನೆಗಳನ್ನು ಹೇಗೆ ಉಳಿಸಿಕೊಂಡರು? ಉತ್ತರ ರಾಯಚೂರು ಕೋಟೆಯ ಗೋಡೆಯಲ್ಲೇ ಇದೆ. ಕಾಕತೀಯರ ಕಾಲದಲ್ಲಿ, ೧೨೯೪ರಲ್ಲಿ, ಕೋಟೆ ಕಟ್ಟಿಸಿದಾಗ ೪೦ ಅಡಿಗೂ ಮೀರಿದ ಉದ್ದದ ಒಂದೇ ಕಲ್ಲನ್ನು ಗೋಡೆಗೆ ಸೇರಿಸಿದರು. ಕಟ್ಟಿಸಿದ ವಿವರವನ್ನು ಅದರ ಮೇಲೆ ಶಾಸನವಾಗಿ ಕೆತ್ತಿಸಿದರು. ಅಷ್ಟಕ್ಕೇ ನಿಲ್ಲದೆ, ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಉದ್ದನೆಯ ಸಾಲು ಎಳೆದು ತಂದ ದೃಶ್ಯವನ್ನೂ ಗೀರಿ ಬಿಡಿಸಿದರು. ಅದನ್ನು ಏಳು ನೂರು ವರ್ಷ ಹಿಂದಿನ ಸುದ್ದಿಚಿತ್ರ ಎಂದರೆ ಅತಿಶಯೋಕ್ತಿಯಾಗದು. ಕಾರ ಹುಣ್ಣಿಮೆಗೆ ಎತ್ತುಗಳು ಕಲ್ಲೆಳೆಯುವುದನ್ನು ನೋಡಿ ಬಂದವರಿಗೆ ಆ ರೇಖೆಗಳು ಥಟ್ಟನೆ ಅರ್ಥವಾಗುತ್ತವೆ. ಹಂಪಿಯ ಮಹಾನವಮಿ ದಿಬ್ಬದ ಮೇಲೂ ಹೀಗೆಯೇ: ಕುದುರೆಗಳು, ಅವುಗಳ ಜೊತೆಗೆ ಚೂಪು ಟೊಪ್ಪಿಗೆಯ ಪರದೇಶಿಗಳು ಸಾಲು ಸಾಲಾಗಿ ನಿಂತಿದ್ದಾರೆ.

ಬುಜ್‌ಕಶಿಯ ನಾಡಿನಲ್ಲಿ ಇದೇ ಹೊತ್ತಿಗೆ ವಿಚಿತ್ರವಾದ ಸ್ಥಿತಿ. ೧೯೯೬ರಿಂದ ೨೦೦೧ರವರೆಗಿನ ತಾಲಿಬಾನ್ ಆಡಳಿತದಲ್ಲಿ ಈ ಆಟಕ್ಕೂ ಛಾಯಾಚಿತ್ರಕ್ಕೂ ನಿಷೇಧವಿತ್ತು. ೨೦೨೧ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಅವರು ಆಟವನ್ನು ತಡೆಯಲಿಲ್ಲ. ಪಂದ್ಯಗಳು ನಡೆದವು, ಜನ ನೆರೆದರು. ಆದರೆ ೨೦೨೪ರ ಆಗಸ್ಟ್‌ನಲ್ಲಿ ಹೊರಡಿಸಿದ ಕಾನೂನು, ಜೀವವಿರುವವುಗಳ ಚಿತ್ರ ಪ್ರಕಟಿಸುವುದನ್ನು ನಿಷೇಧಿಸಿತು. ಅಂದರೆ ಕುದುರೆ ಓಡಬಹುದು, ಸವಾರ ಗೆಲ್ಲಬಹುದು. ಅದರ ಚಿತ್ರವನ್ನು ಮಾತ್ರ ಪ್ರಕಟಿಸುವಂತಿಲ್ಲ. ಚಿತ್ರವಿಲ್ಲದ ಆಟ ನೋಡಿದವರ ನೆನಪಿನಲ್ಲಿ ಒಂದು ತಲೆಮಾರು ಉಳಿದೀತು. ಆಮೇಲೆ?

ದೇವದುರ್ಗ, ಮಾನ್ವಿಗಳಲ್ಲಿ ಅಂಥ ತಡೆ ಯಾವುದೂ ಇಲ್ಲ. ಇಲ್ಲಿ ಎತ್ತುಗಳನ್ನು ಮರೆಸುತ್ತಿರುವುದು ಕಾನೂನಲ್ಲ, ಕಾಲ. ಇಂದು ಶಾಲೆಗೆ ಹೋಗುವ ಹುಡುಗ ಹುಡುಗಿಯರು ತಮ್ಮೂರಿನ ಕೊನೆಯ ಜೋಡೆತ್ತು, ಅದರ ಯಜಮಾನ, ಊರು, ತಿಥಿಯನ್ನು ಚಿತ್ರದ ಕೆಳಗೆ ಬರೆದಿಟ್ಟರೆ ಸಾಕು. ಕೋಟೆಯ ಗೋಡೆಯಲ್ಲಿ ಶಿಲ್ಪಿ ಮಾಡಿದ ಕೆಲಸವೂ ಇಷ್ಟೇ: ಯಾವಾಗ, ಯಾರು, ಏನನ್ನು, ಹೇಗೆ ಎಳೆದರು ಎಂದು ಹೇಳಿದ. ಆ ಕಲ್ಲನ್ನು ನೋಡಲು ಟಿಕೆಟ್ಟಾಗಲಿ, ದೂರದ ಪ್ರಯಾಣವಾಗಲಿ ಬೇಡ. ಮುಂದಿನ ಭಾನುವಾರ ಬೆಳಗಿನ ಓರೆ ಬಿಸಿಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋದರೆ, ಗೀರುಗಳು ಸ್ಪಷ್ಟವಾಗಿ ಕಾಣುತ್ತವೆ.